ಮನಸ್ಸಿನ ನೆಮ್ಮದಿಗೆ ವಿಆರ್ ಹೆಡ್‌ಸೆಟ್: ಮೆಟಾ ಕ್ವೆಸ್ಟ್ 3 ಮತ್ತು ಅದರ ಧ್ಯಾನದ ಆ್ಯಪ್‌ಗಳ ವಿಮರ್ಶೆ

ಕಳವಳ ಹೆಚ್ಚಾದಾಗ ಕಣ್ಣು ಮುಚ್ಚಿಕೊಂಡು ಉಸಿರಿನ ಮೇಲೆ ಗಮನ ಇಡಿ ಎಂಬ ಸಲಹೆ ಎಲ್ಲರೂ ಕೇಳಿದ್ದೇ. ಆದರೆ ಕಣ್ಣು ಮುಚ್ಚಿದ ಕೂಡಲೇ ಚಿಂತೆಗಳು ಇನ್ನಷ್ಟು ದಟ್ಟವಾಗಿ ಮುತ್ತಿಕೊಳ್ಳುವಂಥವರು ಬಹಳ ಮಂದಿ ಇದ್ದಾರೆ. ಅವರ ಪಾಲಿಗೆ ಆ ಸಲಹೆ ಇನ್ನೊಂದು ಹೊರೆಯಾಗುತ್ತದೆಯೇ ಹೊರತು ಆಸರೆಯಾಗುವುದಿಲ್ಲ. ಕಣ್ಣು ತೆರೆದೇ ಇರಬೇಕು, ಸುತ್ತಲಿನ ಕೋಣೆ ಮಾತ್ರ ಸ್ವಲ್ಪ ಹೊತ್ತು ಮರೆಯಾಗಬೇಕು, ಗಮನ ನಿಲ್ಲಿಸಲು ಎದುರಿಗೆ ಒಂದೇ ಒಂದು ಸಂಗತಿ ಇರಬೇಕು ಎಂದು ಬಯಸುವವರಿಗೆ ವರ್ಚುವಲ್ ರಿಯಾಲಿಟಿ (ವಿಆರ್, ಅಂದರೆ ಕಂಪ್ಯೂಟರ್ ಕಟ್ಟಿದ ಲೋಕದೊಳಗೇ ಇರುವಂತೆ ಅನಿಸುವ ತಂತ್ರಜ್ಞಾನ) ಏನು ಕೊಡಬಲ್ಲದು ಎಂಬುದನ್ನು ತಿಳಿಯುವ ಸಲುವಾಗಿ ನಾನು ಮೆಟಾ ಕ್ವೆಸ್ಟ್ 3 ಹೆಡ್‌ಸೆಟ್ಟನ್ನೂ ಅದರಲ್ಲಿ ಸಿಗುವ ಪ್ರಕೃತಿ, ಉಸಿರಾಟ ಮತ್ತು ಧ್ಯಾನದ ಆ್ಯಪ್‌ಗಳನ್ನೂ ಬಹಳ ಕಾಲ ಬಳಸಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಸಾಧನ ಬಳಕೆದಾರನನ್ನು ಸುಮ್ಮನೆ ನೋಡಲು ಬಿಟ್ಟಾಗ ಅದರಿಂದ ಸಿಗುವುದು ಅಲ್ಪ. ಉಸಿರಾಡಲು, ಹೆಜ್ಜೆ ಇಡಲು, ಮಾತನಾಡಲು ಹಚ್ಚಿದಾಗ ಸಿಗುವುದು ಬಹಳ. ಕೊಳ್ಳುವವರು ದೃಶ್ಯದ ಸೊಬಗಿಗೆ ಮಾರುಹೋಗದೆ ಈ ಒಂದು ಅಳತೆಗೋಲನ್ನು ಕೈಯಲ್ಲಿಟ್ಟುಕೊಂಡು ಆರಿಸಿಕೊಳ್ಳಬೇಕು ಎಂಬುದು ನನ್ನ ಕೋರಿಕೆ.

ಮೊದಲು ಸಾಧನದ ಬಗ್ಗೆ. 2023ರ ಅಕ್ಟೋಬರ್‌ನಲ್ಲಿ ಮಾರುಕಟ್ಟೆಗೆ ಬಂದ ಕ್ವೆಸ್ಟ್ 3ಕ್ಕೆ ಕಂಪ್ಯೂಟರಾಗಲಿ ತಂತಿಯಾಗಲಿ ಬೇಕಿಲ್ಲ. ಪ್ರತಿ ಕಣ್ಣಿಗೂ 2064×2208 ಪಿಕ್ಸೆಲ್‌ಗಳ ಪರದೆಯಿದೆ, ತೂಕ 515 ಗ್ರಾಂ. ಆಟ ಆಡುವವರಿಗೆ ಈ ತೂಕ ದೊಡ್ಡ ವಿಷಯವಲ್ಲದಿರಬಹುದು, ಏಕೆಂದರೆ ಅವರ ಗಮನವೆಲ್ಲ ಆಟದಲ್ಲಿರುತ್ತದೆ. ಅಲುಗಾಡದೆ ಕುಳಿತು ದೇಹವನ್ನು ಸಡಿಲಬಿಡಲು ಹೊರಟವರಿಗೆ ಹಾಗಲ್ಲ: ಭಾರವೆಲ್ಲ ಮುಖದ ಕಡೆಗೇ ಇರುವುದರಿಂದ ಕೆನ್ನೆಯ ಮೂಳೆಯ ಮೇಲೆ ಸ್ಪಂಜಿನ ಒತ್ತಡ ಮತ್ತು ಕತ್ತಿನ ಹಿಂಭಾಗದ ಎಳೆತ ಕೆಲವು ನಿಮಿಷಗಳಲ್ಲೇ ಗಮನಕ್ಕೆ ಬರುತ್ತವೆ. ಪಟ್ಟಿಯನ್ನು ಬಿಗಿ ಮಾಡುವುದು ಇದಕ್ಕೆ ಪರಿಹಾರವಲ್ಲ. ತಲೆಯ ಮೇಲಿಂದ ಹಾದುಹೋಗುವ ಪಟ್ಟಿ ಭಾರ ಹೊರುವಂತೆ ಮೊದಲು ಹೊಂದಿಸಿ, ಅಕ್ಕಪಕ್ಕದ ಪಟ್ಟಿಯನ್ನು ಹೆಡ್‌ಸೆಟ್ ಜಾರದಿರುವಷ್ಟೇ ಬಿಗಿದರೆ ಮುಖದ ಮೇಲಿನ ಒತ್ತಡ ಬಹಳ ಕಡಿಮೆಯಾಗುತ್ತದೆ. ಕೆಳಭಾಗದಲ್ಲಿರುವ ಪುಟ್ಟ ಚಕ್ರವನ್ನು ತಿರುಗಿಸಿ ಎರಡು ಲೆನ್ಸ್‌ಗಳ ನಡುವಿನ ಅಂತರವನ್ನು ತಮ್ಮ ಕಣ್ಣಿಗೆ ಸರಿಹೊಂದಿಸಿಕೊಳ್ಳುವುದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಆ ಅಂತರ ತಪ್ಪಿದ್ದರೆ ದೃಶ್ಯ ಮಸುಕಾಗುವುದಷ್ಟೇ ಅಲ್ಲ, ಹುಬ್ಬುಗಳ ನಡುವೆ ನೋವು ಹುಟ್ಟಿ, ವಿಶ್ರಾಂತಿಗೆಂದು ಕುಳಿತವರು ತಲೆನೋವಿನೊಂದಿಗೆ ಏಳಬೇಕಾಗುತ್ತದೆ. ಕನ್ನಡಕ ಹಾಕಿಕೊಳ್ಳುವವರಿಗಾಗಿ ಮುಖದ ಸ್ಪಂಜಿನ ಚೌಕಟ್ಟನ್ನು ನಾಲ್ಕು ಹಂತಗಳಲ್ಲಿ ಹಿಂದೆ ಮುಂದೆ ಸರಿಸುವ ಸೌಲಭ್ಯ ಇದರಲ್ಲಿದೆ. ಬ್ಯಾಟರಿ ಸುಮಾರು ಎರಡು ಗಂಟೆ ಬರುತ್ತದೆ. ಹತ್ತು ಹದಿನೈದು ನಿಮಿಷದ ಅಭ್ಯಾಸಕ್ಕೆ ಅದು ಧಾರಾಳ.

ನೆಮ್ಮದಿಯ ದೃಷ್ಟಿಯಿಂದ ಈ ಹೆಡ್‌ಸೆಟ್‌ನ ಅತ್ಯುತ್ತಮ ಗುಣ ಯಾವುದೆಂದು ಕೇಳಿದರೆ ನಾನು ಪರದೆಯ ಹೆಸರು ಹೇಳುವುದಿಲ್ಲ, ಹೊರಗಿನ ಕ್ಯಾಮೆರಾಗಳ ಹೆಸರು ಹೇಳುತ್ತೇನೆ. ಹೆಡ್‌ಸೆಟ್‌ನ ಪಕ್ಕಕ್ಕೆ ಬೆರಳಿನಿಂದ ಎರಡು ಸಲ ತಟ್ಟಿದರೆ ಎದುರಿನ ಕಾಡು ಕಡಲೆಲ್ಲ ಮಾಯವಾಗಿ ಸ್ವಂತ ಕೋಣೆ ಬಣ್ಣದಲ್ಲಿ ಕಾಣುತ್ತದೆ. ಆತಂಕದ ಸ್ವಭಾವದವರಿಗೆ ಕಣ್ಣು ಕಿವಿ ಎರಡನ್ನೂ ಮುಚ್ಚಿಸಿಕೊಳ್ಳುವುದೇ ಒಂದು ಆತಂಕ. ಹಿಂದೆ ಯಾರಾದರೂ ಬಂದರೇ, ಬಾಗಿಲು ಹಾಕಿದ್ದೇನೆಯೇ, ಮಗು ಅತ್ತರೆ ಕೇಳುತ್ತದೆಯೇ ಎಂಬ ಪ್ರಶ್ನೆಗಳು ಅವರನ್ನು ಒಳಗೆ ನೆಲೆಗೊಳ್ಳಲು ಬಿಡುವುದಿಲ್ಲ. ಯಾವ ಕ್ಷಣದಲ್ಲಿ ಬೇಕಾದರೂ ಹೊರಗೆ ಇಣುಕಬಹುದು ಎಂಬ ಭರವಸೆ ಇದ್ದಾಗ ಇಣುಕುವ ಅಗತ್ಯವೇ ಕ್ರಮೇಣ ಕಡಿಮೆಯಾಗುತ್ತದೆ. ಹೊಸಬರಿಗೆ ಹೆಡ್‌ಸೆಟ್ ಕೊಡುವಾಗ ಮೊದಲು ಕಲಿಸಬೇಕಾದದ್ದು ಈ ತಟ್ಟುವಿಕೆಯನ್ನೇ.

ಪರದೆಯೊಂದು ಮುಖಕ್ಕೆ ಹತ್ತಿರ ಬಂದ ಮಾತ್ರಕ್ಕೆ ಮನಸ್ಸು ಅದನ್ನು ಸ್ಥಳವೆಂದು ಏಕೆ ನಂಬುತ್ತದೆ ಎಂಬ ಪ್ರಶ್ನೆಗೆ ಸಂಶೋಧಕ ಮೆಲ್ ಸ್ಲೇಟರ್ 2009ರಲ್ಲಿ ಕೊಟ್ಟ ವಿವರಣೆ ಈ ವಿಮರ್ಶೆಗೆ ಬಹಳ ಉಪಯುಕ್ತ. ಅವರ ಪ್ರಕಾರ ಇಲ್ಲಿ ಎರಡು ಭ್ರಮೆಗಳು ಬೇರೆ ಬೇರೆಯಾಗಿ ಕೆಲಸ ಮಾಡುತ್ತವೆ: ನಾನು ಅಲ್ಲಿದ್ದೇನೆ ಎನ್ನುವುದು ಒಂದು, ಅಲ್ಲಿ ನಡೆಯುತ್ತಿರುವುದು ನಿಜವಾಗಿ ನಡೆಯುತ್ತಿದೆ ಎನ್ನುವುದು ಇನ್ನೊಂದು. ತಲೆ ತಿರುಗಿಸಿದಷ್ಟೇ ದೃಶ್ಯ ತಿರುಗಿದಾಗ, ಬಗ್ಗಿ ನೋಡಿದಾಗ ಮೇಜಿನ ಅಡಿಭಾಗ ಕಂಡಾಗ ಮೊದಲನೆಯದು ಹುಟ್ಟುತ್ತದೆ. ನಾವು ಮಾಡಿದ್ದಕ್ಕೆ ಆ ಲೋಕ ಪ್ರತಿಕ್ರಿಯೆ ತೋರಿದಾಗ ಎರಡನೆಯದು ಹುಟ್ಟುತ್ತದೆ. ಇದು ನಿಜವಲ್ಲ ಎಂದು ಬುದ್ಧಿಗೆ ಪೂರ್ತಿ ತಿಳಿದಿದ್ದರೂ ಎದೆ ಹೊಡೆದುಕೊಳ್ಳುವುದು, ಅಂಗೈ ಬೆವರುವುದು ನಿಲ್ಲುವುದಿಲ್ಲ. ದೇಹ ನಂಬಿದ್ದನ್ನು ಬುದ್ಧಿ ತಡೆಯಲಾರದು ಎಂಬ ಈ ಸಂಗತಿಯೇ ವಿಆರ್‌ನ ಬಲ, ಮತ್ತು ಎಚ್ಚರಿಕೆ ಬೇಕಾಗಿರುವುದೂ ಅದರಿಂದಲೇ.

ಪ್ರಕೃತಿಯ ಆ್ಯಪ್‌ಗಳಲ್ಲಿ ನಾನು ಹೆಚ್ಚು ಹೊತ್ತು ಇದ್ದದ್ದು ನೇಚರ್ ಟ್ರೆಕ್ಸ್ ವಿಆರ್‌ನಲ್ಲಿ. ಕಾಡು, ಕಡಲತೀರ, ಹಿಮ, ನೀರಿನಾಳ ಹೀಗೆ ಹಲವು ಲೋಕಗಳಿವೆ. ಅಂಕವಿಲ್ಲ, ಗುರಿಯಿಲ್ಲ, ಸೋಲಿಲ್ಲ. ಚಿತ್ರಗಳು ಛಾಯಾಚಿತ್ರದಷ್ಟು ನೈಜವಾಗಿಲ್ಲ, ಎಲೆಗಳು ಹತ್ತಿರದಿಂದ ಚಪ್ಪಟೆಯಾಗಿಯೇ ಕಾಣುತ್ತವೆ. ಆದರೂ ಇದು ಕೇವಲ ಚೆಂದದ 360 ಡಿಗ್ರಿ ವಿಡಿಯೋಗಳಿಗಿಂತ ಮೇಲೆಂದು ನಾನು ಹೇಳಲು ಕಾರಣ, ಇಲ್ಲಿ ಕೈಗೆ ಕೆಲಸವಿದೆ: ಗಿಡಮರ ಬೆಳೆಸಬಹುದು, ಪ್ರಾಣಿಗಳನ್ನು ಕರೆಯಬಹುದು, ಹವೆಯನ್ನು ಬದಲಿಸಬಹುದು, ಹಗಲನ್ನು ರಾತ್ರಿ ಮಾಡಬಹುದು. ಈ ವ್ಯತ್ಯಾಸ ನನ್ನ ಅಭಿರುಚಿಯ ಮಾತಷ್ಟೇ ಅಲ್ಲ. ಬ್ರಿಟನ್ನಿನ ಎಕ್ಸೆಟರ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ 96 ಮಂದಿಗೆ ಮೊದಲು ಕಚೇರಿ ಸಾಮಗ್ರಿಯ ಕಂಪನಿಯೊಂದರ ಉದ್ಯೋಗದ ವರ್ಣನೆಯ ವಿಡಿಯೋ ತೋರಿಸಿ ಬೇಕೆಂದೇ ಬೇಸರ ಹುಟ್ಟಿಸಲಾಯಿತು. ಬಳಿಕ ಹವಳದ ದಿಬ್ಬದ ದೃಶ್ಯಗಳನ್ನು ಕೆಲವರಿಗೆ ಟಿವಿಯಲ್ಲಿ, ಕೆಲವರಿಗೆ 360 ಡಿಗ್ರಿ ವಿಡಿಯೋ ಆಗಿ ಹೆಡ್‌ಸೆಟ್‌ನಲ್ಲಿ, ಇನ್ನು ಕೆಲವರಿಗೆ ಕೈಯಿಂದ ಒಡನಾಡಬಹುದಾದ ಕಂಪ್ಯೂಟರ್ ಚಿತ್ರಣವಾಗಿ ತೋರಿಸಲಾಯಿತು. ಬೇಸರವೂ ಬೇಗುದಿಯೂ ಮೂರರಲ್ಲೂ ಇಳಿದವು. ಆದರೆ ಉಲ್ಲಾಸ ಏರಿದ್ದು ಒಡನಾಟಕ್ಕೆ ಅವಕಾಶವಿದ್ದ ಮೂರನೆಯದರಲ್ಲಿ ಮಾತ್ರ. ಬೇಸರ ಕಳೆಯುವುದಷ್ಟೇ ಉದ್ದೇಶವಾಗಿದ್ದರೆ ಮನೆಯ ಟಿವಿಯೇ ಸಾಕಾದೀತು ಎಂಬ ಅರ್ಥವೂ ಈ ಫಲಿತಾಂಶದಲ್ಲಿದೆ. ಕೊಳ್ಳುವ ಮೊದಲು ಅದನ್ನೂ ಯೋಚಿಸಬೇಕು.

ಉಸಿರಾಟದ ಆ್ಯಪ್‌ಗಳ ವಿಷಯ ಹೆಚ್ಚು ವಿವರವನ್ನು ಬೇಡುತ್ತದೆ. ಉಸಿರು ಒಳಗೆಳೆದುಕೊಳ್ಳುವಾಗ ಹೃದಯದ ಬಡಿತ ತುಸು ಚುರುಕಾಗುತ್ತದೆ, ಬಿಡುವಾಗ ಮೆದುಳಿನಿಂದ ಹೃದಯಕ್ಕೆ ಇಳಿಯುವ ವೇಗಸ್ ನರದ ಪ್ರಭಾವದಿಂದ ನಿಧಾನವಾಗುತ್ತದೆ. ನಿಮಿಷಕ್ಕೆ ಸುಮಾರು ಆರು ಉಸಿರುಗಳ ಲಯದಲ್ಲಿ ಈ ಏರಿಳಿತ ರಕ್ತದೊತ್ತಡವನ್ನು ಹತೋಟಿಯಲ್ಲಿಡುವ ದೇಹದ ವ್ಯವಸ್ಥೆಯೊಂದಿಗೆ ಹೊಂದಿಕೊಂಡು ಬಲಗೊಳ್ಳುತ್ತದೆ ಎಂಬುದು ಶರೀರಶಾಸ್ತ್ರ ಚೆನ್ನಾಗಿ ಬಲ್ಲ ಸಂಗತಿ. ಟ್ರಿಪ್ ಎಂಬ ಆ್ಯಪ್ ಈ ನಿಧಾನದ ಲಯಕ್ಕೆ ಕಣ್ಣಿಗೆ ಕಾಣುವ ರೂಪ ಕೊಡುತ್ತದೆ: ಹೊಳೆಯುವ ಕಣಗಳು ಮುಖದತ್ತ ತೇಲಿಬರುತ್ತವೆ, ಮತ್ತೆ ದೂರಕ್ಕೆ ಚದುರುತ್ತವೆ, ಅವುಗಳ ಬರವು ಹೋಗುವಿಕೆಗೆ ತಕ್ಕಂತೆ ಬಳಕೆದಾರ ಉಸಿರಾಡುತ್ತಾನೆ. ಎಣಿಸಬೇಕಾಗಿಲ್ಲ ಎಂಬುದೇ ಇದರ ದೊಡ್ಡ ಅನುಕೂಲ. ಅಂಕಿ ಎಣಿಸುತ್ತ ಉಸಿರಾಡುವಾಗ ಮನಸ್ಸಿನ ಒಂದು ಪಾಲು ಲೆಕ್ಕದಲ್ಲೇ ಸಿಕ್ಕಿಕೊಂಡಿರುತ್ತದೆ. ಕಣಗಳನ್ನು ಹಿಂಬಾಲಿಸುವಾಗ ಆ ಪಾಲೂ ಬಿಡುಗಡೆ ಹೊಂದುತ್ತದೆ. ಅಮೂರ್ತ ಆಕಾರಗಳ, ಬಣ್ಣಗಳ ಈ ಲೋಕ ಎಲ್ಲರಿಗೂ ಹಿಡಿಸಲಾರದು. ಕಾಡು ಕಡಲು ಬೇಕೆನ್ನುವವರಿಗೆ ಇದು ತೀರಾ ಅಪರಿಚಿತವೆನಿಸಬಹುದು. ನನಗೆ ಮಾತ್ರ ಯಾವ ನೆನಪನ್ನೂ ಕೆದಕದ ಈ ಅಪರಿಚಿತತೆಯೇ ಒಳ್ಳೆಯದೆನಿಸಿತು.

ಆದರೆ ಬಹುತೇಕ ಉಸಿರಾಟದ ಆ್ಯಪ್‌ಗಳಿಗಿರುವ ಒಂದು ಮೂಲಭೂತ ಕೊರತೆಯನ್ನು ಹೇಳಲೇಬೇಕು: ಅವು ಲಯವನ್ನು ತೋರಿಸುತ್ತವೆ, ನಮ್ಮ ಉಸಿರನ್ನು ಕೇಳಿಸಿಕೊಳ್ಳುವುದಿಲ್ಲ. ಹೆಸರು ಹೇಳದೆ ಬಿಡುವ ಒಂದು ಆ್ಯಪ್‌ನಲ್ಲಿ, ದಮ್ಮು ಕಟ್ಟಿದಂತಾಗಿ ನಾನು ಎರಡು ಉಸಿರು ಹಿಂದೆ ಬಿದ್ದಿದ್ದಾಗಲೂ ಧ್ವನಿಯು ತನ್ನ ಪಾಡಿಗೆ ತಾನು ಮುಂದುವರಿದು, ಕೊನೆಯಲ್ಲಿ ಗಂಟೆಯ ನಾದದೊಂದಿಗೆ ಅಭಿನಂದನೆ ಹೇಳಿ, ಸತತವಾಗಿ ಎಷ್ಟು ದಿನ ಅಭ್ಯಾಸ ಮಾಡಿದ್ದೀರಿ ಎಂಬ ಪಟ್ಟಿಯನ್ನು ತೋರಿಸಿತು. ಒಂದು ದಿನ ತಪ್ಪಿದರೆ ಆ ಪಟ್ಟಿ ಸೊನ್ನೆಗೆ ಇಳಿಯುತ್ತದೆ. ಮೊದಲೇ ತಮ್ಮ ಮೇಲೆ ತಾವು ಕಠಿಣವಾಗಿರುವ ಮನಸ್ಸುಗಳಿಗೆ ಇಂಥ ಲೆಕ್ಕ ಒಪ್ಪಿಸುವುದು ತೀರಾ ಅನುಚಿತ ವಿನ್ಯಾಸ ಎಂದು ನಾನು ಬಲವಾಗಿ ನಂಬುತ್ತೇನೆ. ಇದಕ್ಕಿಂತ ಉತ್ತಮ ದಾರಿ ಇದೆಯೆಂಬುದನ್ನು ಓವನ್ ಹ್ಯಾರಿಸ್ ಮತ್ತು ನಿಕಿ ಸ್ಮಿಟ್ ರೂಪಿಸಿದ ಡೀಪ್ ಎಂಬ ವಿಆರ್ ಆಟ ಬಹಳ ಹಿಂದೆಯೇ ತೋರಿಸಿದೆ. ಅದರಲ್ಲಿ ಹೊಟ್ಟೆಯ ಸುತ್ತ ಕಟ್ಟಿಕೊಳ್ಳುವ ಪಟ್ಟಿಯೊಂದು ಉಸಿರನ್ನು ಅಳೆಯುತ್ತದೆ. ನೀರಿನಾಳದ ಲೋಕದಲ್ಲಿ ಉಸಿರು ತುಂಬಿಕೊಂಡಾಗ ದೇಹ ಮೇಲಕ್ಕೇಳುತ್ತದೆ, ಬಿಟ್ಟಾಗ ಮೆಲ್ಲಗೆ ಕೆಳಗಿಳಿಯುತ್ತದೆ, ಈಜುವುದಕ್ಕೆ ಉಸಿರಲ್ಲದೆ ಬೇರೆ ಬಲವಿಲ್ಲ. ನೆದರ್ಲೆಂಡ್ಸ್‌ನ ರಾಡ್‌ಬೌಡ್ ವಿಶ್ವವಿದ್ಯಾಲಯದ ಸಂಶೋಧಕರು ಮಕ್ಕಳ ಆತಂಕದ ಮೇಲೆ ಇದರ ಪರಿಣಾಮವನ್ನು ಪರೀಕ್ಷಿಸಿದ್ದಾರೆ. ಬೆನ್ನಿನ ಕೆಳಭಾಗದ ದೀರ್ಘಕಾಲದ ನೋವಿಗೆಂದು ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2021ರ ನವೆಂಬರ್‌ನಲ್ಲಿ ಅನುಮತಿಸಿದ, ಈಗ ರಿಲೀವಿಆರ್‌ಎಕ್ಸ್ ಎಂದು ಕರೆಯಲಾಗುವ ಎಂಟು ವಾರಗಳ ಕಾರ್ಯಕ್ರಮದ ಹೆಡ್‌ಸೆಟ್‌ನಲ್ಲೂ ಬಾಯಿಯಿಂದ ಬಿಟ್ಟ ಉಸಿರನ್ನು ಮೈಕ್ರೊಫೋನಿಗೆ ತಲುಪಿಸುವ ಸಣ್ಣ ಭಾಗವೊಂದನ್ನು ಜೋಡಿಸಲಾಗಿದೆ. ಸಾಮಾನ್ಯ ಗ್ರಾಹಕರ ಆ್ಯಪ್‌ಗಳು ಈ ದಿಕ್ಕಿಗೆ ಬರುವವರೆಗೆ ಬಳಕೆದಾರರೇ ಜಾಣತನ ತೋರಬೇಕು: ಎದುರಿನ ಲಯ ದೇಹಕ್ಕೆ ಒಗ್ಗದಿದ್ದರೆ ಅದನ್ನು ಬಿಟ್ಟು ತಮ್ಮ ಉಸಿರಿನ ಕಡೆಗೇ ಹೋಗಬೇಕು.

ಇಲ್ಲಿ ಒಂದು ಸಣ್ಣ ಮಾತು, ಯಾರೂ ಬರೆಯದಿರುವುದರಿಂದ ಬರೆಯುತ್ತಿದ್ದೇನೆ. ಬಹಳ ಕಾಲ ಬಿಗಿಹಿಡಿದ ಮನಸ್ಸು ಸಡಿಲವಾದಾಗ ಅಳು ಬರುವುದು ಸಹಜ. ಹೆಡ್‌ಸೆಟ್‌ನೊಳಗೆ ಅಳು ಬಂದರೆ ಲೆನ್ಸ್ ಮಂಜಾಗುತ್ತದೆ, ಸ್ಪಂಜು ಒದ್ದೆಯಾಗುತ್ತದೆ, ಕಣ್ಣೊರೆಸಿಕೊಳ್ಳಲು ಕೈ ಒಳಗೆ ಹೋಗುವುದಿಲ್ಲ. ಆಗ ಅಭ್ಯಾಸ ಮುಗಿಸಬೇಕೆಂಬ ಹಟ ಬೇಡ. ಹೆಡ್‌ಸೆಟ್ ತೆಗೆದಿಟ್ಟು, ಅಳು ಮುಗಿಯುವವರೆಗೆ ಹಾಗೆಯೇ ಕುಳಿತಿರುವುದು ಯಾವ ದೃಶ್ಯಕ್ಕಿಂತಲೂ ಆ ಹೊತ್ತಿಗೆ ಮುಖ್ಯ. ಲೆನ್ಸ್ ಒರೆಸಲು ಒಣ ಮೈಕ್ರೊಫೈಬರ್ ಬಟ್ಟೆ ಹತ್ತಿರವಿರಲಿ.

ವಿಆರ್ ನಿಜವಾಗಿ ಗಟ್ಟಿಯಾಗಿ ನಿಂತಿರುವುದು ಭಯದ ಚಿಕಿತ್ಸೆಯಲ್ಲಿ. ಬಾರ್ಬರಾ ರಾತ್‌ಬಾಮ್ ಮತ್ತು ಲ್ಯಾರಿ ಹಾಡ್ಜಸ್ ಅವರ ತಂಡ 1995ರಲ್ಲೇ ಎತ್ತರಕ್ಕೆ ಹೆದರುವ ವಿದ್ಯಾರ್ಥಿಗಳನ್ನು ಕಂಪ್ಯೂಟರಿನಲ್ಲಿ ಕಟ್ಟಿದ ಕಾಲುಸೇತುವೆ, ಬಾಲ್ಕನಿ ಮತ್ತು ಗಾಜಿನ ಲಿಫ್ಟ್‌ಗಳಿಗೆ ಹಂತಹಂತವಾಗಿ ಒಡ್ಡಿ ಭಯ ಇಳಿಯುವುದನ್ನು ದಾಖಲಿಸಿತು. ಆಕ್ಸ್‌ಫರ್ಡ್‌ನ ಡೇನಿಯಲ್ ಫ್ರೀಮನ್ ಅವರ ತಂಡ 2018ರಲ್ಲಿ 100 ಮಂದಿಯ ಪ್ರಯೋಗವನ್ನು ಪ್ರಕಟಿಸಿತು. ಅದರಲ್ಲಿ ಚಿಕಿತ್ಸಕರು ಮನುಷ್ಯರಲ್ಲ. ಹೆಡ್‌ಸೆಟ್‌ನೊಳಗಿನ ಮಾರ್ಗದರ್ಶಕಿಯ ಮಾತಿನಂತೆ ಜನ ಎತ್ತರದ ಕಟ್ಟಡದ ಅಂತಸ್ತುಗಳನ್ನು ಏರುತ್ತ, ಮರದ ಕೊಂಬೆಯಲ್ಲಿ ಸಿಕ್ಕಿಕೊಂಡ ಬೆಕ್ಕನ್ನು ಕೈಚಾಚಿ ಕಾಪಾಡುವಂಥ ಕೆಲಸಗಳನ್ನು ಮಾಡುತ್ತ ಹೋದರು. ಚಿಕಿತ್ಸೆ ಪಡೆದವರಲ್ಲಿ ಎತ್ತರದ ಭಯ ಸರಾಸರಿ ಶೇ 68ರಷ್ಟು ಇಳಿಯಿತು. ಬೆಕ್ಕಿನ ಉದಾಹರಣೆ ನನಗೆ ಬಹಳ ಮುಖ್ಯವೆನಿಸುತ್ತದೆ. ಭಯಪಟ್ಟವರು ಕಂಬಿಯನ್ನು ಬಿಗಿಹಿಡಿದು, ಕೆಳಗೆ ನೋಡದೆ ನಿಂತಿದ್ದರೆ ಎಷ್ಟು ಹೊತ್ತು ನಿಂತರೂ ಕಲಿಯುವುದು ಕಡಿಮೆ, ಏಕೆಂದರೆ ಕಂಬಿ ಹಿಡಿದದ್ದರಿಂದಲೇ ಉಳಿದೆ ಎಂದು ಮನಸ್ಸು ತಿಳಿಯುತ್ತದೆ. ಬೆಕ್ಕಿಗಾಗಿ ಕಂಬಿ ಬಿಟ್ಟು ಕೈ ಚಾಚಿದ ಕ್ಷಣದಲ್ಲಿ, ಹಿಡಿಯದೆಯೂ ಏನೂ ಆಗಲಿಲ್ಲ ಎಂಬ ಹೊಸ ತಿಳಿವಳಿಕೆ ದೇಹಕ್ಕೆ ದಕ್ಕುತ್ತದೆ. ಅದೇ ತಂಡ ಗೇಮ್‌ಚೇಂಜ್ ಎಂಬ ವಿಆರ್ ಕಾರ್ಯಕ್ರಮವನ್ನು ಸೈಕೋಸಿಸ್ (ವಾಸ್ತವದ ಅರಿವು ತಪ್ಪುವ ಮಾನಸಿಕ ಕಾಯಿಲೆ) ಇರುವ 346 ಮಂದಿಯಲ್ಲಿ ಪರೀಕ್ಷಿಸಿ 2022ರಲ್ಲಿ ಫಲಿತಾಂಶ ಪ್ರಕಟಿಸಿದಾಗ, ಬಸ್ಸು, ಅಂಗಡಿ, ವೈದ್ಯರ ಕಾಯುವ ಕೋಣೆಯಂಥ ದೈನಂದಿನ ಜಾಗಗಳನ್ನು ತೀರಾ ಹೆಚ್ಚಾಗಿ ತಪ್ಪಿಸಿಕೊಳ್ಳುತ್ತಿದ್ದವರಿಗೇ ಅತಿ ಹೆಚ್ಚು ಪ್ರಯೋಜನವಾಗಿರುವುದು ಕಂಡುಬಂತು.

ಇದನ್ನೆಲ್ಲ ಓದಿ ಯಾರೂ ಆ್ಯಪ್ ಅಂಗಡಿಯಲ್ಲಿ ಸಿಗುವ, ಎತ್ತರದ ಹಲಗೆಯ ಮೇಲೆ ನಡೆಸುವ ರೋಮಾಂಚಕ ಆಟಗಳನ್ನು ತಮ್ಮ ಭಯಕ್ಕೆ ಮದ್ದೆಂದು ಹಾಕಿಕೊಳ್ಳಬಾರದು. ಚಿಕಿತ್ಸೆಯ ಕಾರ್ಯಕ್ರಮದಲ್ಲಿ ಹಂತಗಳಿವೆ, ನಿಲ್ಲಿಸುವ ಅಧಿಕಾರ ಬಳಕೆದಾರರ ಕೈಯಲ್ಲಿದೆ, ಪ್ರತಿ ಹಂತದಲ್ಲೂ ಏನು ಕಲಿತೆವೆಂದು ಮನವರಿಕೆ ಮಾಡಿಕೊಡುವ ಮಾತಿದೆ. ಆಟದಲ್ಲಿ ಇರುವುದು ಬೆಚ್ಚಿಬೀಳಿಸುವ ಉದ್ದೇಶ ಮಾತ್ರ. ಆಘಾತದ ನೆನಪುಗಳಿಂದ ಬಳಲುತ್ತಿರುವವರಂತೂ ಆ ನೆನಪಿಗೆ ಹತ್ತಿರವಾದ ಯಾವ ದೃಶ್ಯವನ್ನೂ ಒಬ್ಬರೇ ಕುಳಿತು ನೋಡುವ ಸಾಹಸ ಮಾಡಬಾರದು, ಅದು ತರಬೇತಿ ಪಡೆದ ಚಿಕಿತ್ಸಕರ ಜೊತೆಯಲ್ಲಿ ಮಾತ್ರ ಆಗಬೇಕಾದ ಕೆಲಸ.

ಮಾರುಕಟ್ಟೆಯಲ್ಲಿ ಇನ್ನೂ ಕಾಣದ, ಆದರೆ ನಾನು ಅತ್ಯಂತ ಆಸೆಯಿಂದ ಎದುರುನೋಡುವ ಬಗೆಯೊಂದಿದೆ. 2016ರಲ್ಲಿ ಲಂಡನ್ನಿನ ಯುಸಿಎಲ್ ವಿಶ್ವವಿದ್ಯಾಲಯ ಮತ್ತು ಬಾರ್ಸಿಲೋನಾದ ಸಂಶೋಧಕರು ಖಿನ್ನತೆಯಿರುವ 15 ಮಂದಿಯೊಂದಿಗೆ ನಡೆಸಿದ ಸಣ್ಣ ಅಧ್ಯಯನದಲ್ಲಿ, ಪ್ರತಿಯೊಬ್ಬರೂ ಮೊದಲು ವಿಆರ್‌ನಲ್ಲಿ ದೊಡ್ಡವರ ದೇಹದಲ್ಲಿದ್ದು ಅಳುತ್ತಿರುವ ಮಗುವೊಂದನ್ನು ಸಮಾಧಾನಪಡಿಸಿದರು. ಮಗು ನಿಧಾನವಾಗಿ ಅಳು ನಿಲ್ಲಿಸಿತು. ಆಮೇಲೆ ಅವರನ್ನು ಆ ಮಗುವಿನ ದೇಹದೊಳಗೆ ಇರಿಸಿ, ತಾವೇ ಆಡಿದ ಸಾಂತ್ವನದ ಮಾತುಗಳನ್ನು, ತಾವೇ ಮಾಡಿದ ಕೈಸನ್ನೆಗಳನ್ನು ಎದುರಿನ ದೊಡ್ಡವರಿಂದ ಕೇಳುವಂತೆ, ನೋಡುವಂತೆ ಮಾಡಲಾಯಿತು. ಒಂದು ತಿಂಗಳ ನಂತರ 9 ಮಂದಿ ತಮ್ಮ ಖಿನ್ನತೆಯ ಲಕ್ಷಣಗಳು ಕಡಿಮೆಯಾಗಿವೆಯೆಂದು ತಿಳಿಸಿದರು. ಹೋಲಿಸಿ ನೋಡಲು ಇನ್ನೊಂದು ಗುಂಪಿಲ್ಲದ ಅಧ್ಯಯನವಾದ್ದರಿಂದ ಇದರಿಂದ ದೊಡ್ಡ ತೀರ್ಮಾನಕ್ಕೆ ಬರುವಂತಿಲ್ಲ. ಆದರೂ ಪರರಿಗೆ ತೋರುವ ಕರುಣೆಯನ್ನು ತನಗೆ ತಾನು ತೋರಿಕೊಳ್ಳಲಾಗದ ಮನುಷ್ಯನಿಗೆ ಅವನದೇ ದನಿಯನ್ನು ಹೀಗೆ ತಿರುಗಿ ಕೇಳಿಸುವುದು ಬೇರೆ ಯಾವ ಮಾಧ್ಯಮಕ್ಕೂ ಸಾಧ್ಯವಿಲ್ಲದ್ದು. ಸೂರ್ಯಾಸ್ತದ ಇನ್ನೊಂದು ದೃಶ್ಯಕ್ಕೆ ಖರ್ಚಾಗುವ ಶ್ರಮ ಇಂಥದ್ದರ ಕಡೆಗೆ ಹೋಗಲೆಂದು ಬಯಸುತ್ತೇನೆ.

ಇನ್ನು ದೇಹದ ತೊಂದರೆಗಳು. ಕಣ್ಣು ಚಲಿಸುತ್ತಿದ್ದೇನೆ ಎನ್ನುವಾಗ ಸಮತೋಲವನ್ನು ಅರಿಯುವ ಒಳಕಿವಿ ಚಲನೆಯೇ ಇಲ್ಲ ಎಂದರೆ ವಾಕರಿಕೆ, ತಲೆಸುತ್ತು ಬರುತ್ತದೆ. ಹಾಗಾಗಿ ಕುಳಿತಲ್ಲೇ ಇರುವ, ಅಥವಾ ಒಂದು ಜಾಗದಿಂದ ಇನ್ನೊಂದಕ್ಕೆ ಥಟ್ಟನೆ ಸ್ಥಳಾಂತರಿಸುವ ಆ್ಯಪ್‌ಗಳನ್ನೇ ಆರಿಸಿಕೊಳ್ಳಬೇಕು. ಜಾರುವ, ಹಾರುವ, ತೇಲುವ ಅನುಭವಗಳನ್ನು ನಂತರಕ್ಕೆ ಇಟ್ಟುಕೊಳ್ಳಬಹುದು. ಮೊದಲ ಬಿಸಿ, ಮೊದಲ ಬೆವರು, ಬಾಯಲ್ಲಿ ನೀರೂರುವುದು ಕಂಡ ಕೂಡಲೇ ನಿಲ್ಲಿಸಬೇಕು, ಸಹಿಸಿಕೊಂಡು ಮುಂದುವರಿದರೆ ಆ ಸಂಕಟ ಗಂಟೆಗಟ್ಟಲೆ ಉಳಿಯುತ್ತದೆ. ಮಿನುಗುವ ಬೆಳಕಿನಿಂದ ಸುಮಾರು 4,000 ಜನರಲ್ಲಿ ಒಬ್ಬರಿಗೆ ಸೆಳವು ಬರಬಹುದೆಂದು ತಯಾರಕರ ಎಚ್ಚರಿಕೆಯಲ್ಲೇ ಇದೆ. ಅಪಸ್ಮಾರದ ಹಿನ್ನೆಲೆಯಿರುವವರು ವೈದ್ಯರನ್ನು ಕೇಳದೆ ಹೆಡ್‌ಸೆಟ್ ಹಾಕಿಕೊಳ್ಳಬಾರದು. ತಾನು ತನ್ನಿಂದಲೇ ದೂರವಾದಂತೆ, ಸುತ್ತಲಿನದು ನಿಜವಲ್ಲವೆಂಬಂತೆ ಆಗಾಗ ಅನಿಸುವವರಿಗೆ ಈ ಸಾಧನ ಆ ಭಾವವನ್ನು ಹೆಚ್ಚಿಸಬಹುದು, ಅವರಿಗೆ ನಾನಿದನ್ನು ಶಿಫಾರಸು ಮಾಡುವುದಿಲ್ಲ. ಮಕ್ಕಳ ವಿಷಯದಲ್ಲಿ ತಂದೆತಾಯಿಯರ ನಿಯಂತ್ರಣದ ಖಾತೆಯೊಂದಿಗೆ 10 ವರ್ಷದಿಂದ ಬಳಸಬಹುದೆಂದು ಮೆಟಾ 2023ರಲ್ಲಿ ನಿಯಮ ಬದಲಿಸಿದೆ. ಅನುಮತಿ ಇದೆಯೆಂದ ಮಾತ್ರಕ್ಕೆ ಅಗತ್ಯವೂ ಇದೆಯೆಂದಲ್ಲ.

ಖಾಸಗಿತನದ ಬಗ್ಗೆ ನನಗೆ ಗಂಭೀರವಾದ ಆಕ್ಷೇಪವಿದೆ. ತಲೆ ಮತ್ತು ಕೈಗಳ ಚಲನೆಯನ್ನು ಗಮನಿಸದೆ ವಿಆರ್ ಕೆಲಸ ಮಾಡುವುದೇ ಸಾಧ್ಯವಿಲ್ಲ, ಆದರೆ ಆ ಚಲನೆ ಬೆರಳಚ್ಚಿನಂತೆ ವ್ಯಕ್ತಿಯನ್ನು ಗುರುತಿಸಿಕೊಡುತ್ತದೆ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 50,000ಕ್ಕೂ ಹೆಚ್ಚು ಬಳಕೆದಾರರ ನಡುವೆ ಒಬ್ಬರನ್ನು ಕೇವಲ 100 ಸೆಕೆಂಡುಗಳ ಚಲನೆಯಿಂದ ಶೇ 94ಕ್ಕೂ ಹೆಚ್ಚು ನಿಖರತೆಯಲ್ಲಿ ಗುರುತಿಸಲಾಯಿತು. ಅಂಥ ಸಾಧನದಲ್ಲಿ ನಾವು ಮಾಡುತ್ತಿರುವುದು ನಮ್ಮ ಅತ್ಯಂತ ದುರ್ಬಲ ಹೊತ್ತಿನ ಅಭ್ಯಾಸ ಎಂಬುದನ್ನು ನೆನೆದರೆ, ಇಂದು ಮನಸ್ಸು ಹೇಗಿದೆ ಎಂದು ಪ್ರತಿದಿನ ಕೇಳಿ ಉತ್ತರವನ್ನು ತನ್ನ ಸರ್ವರ್‌ನಲ್ಲಿ ಇಟ್ಟುಕೊಳ್ಳುವ ಆ್ಯಪ್‌ಗಳನ್ನು ಒಪ್ಪಿಕೊಳ್ಳುವ ಮೊದಲು ಎರಡು ಬಾರಿ ಯೋಚಿಸಬೇಕು. ಆ ಪ್ರಶ್ನೆಗೆ ಉತ್ತರಿಸದೆಯೂ ಮುಂದುವರಿಯಬಹುದೇ, ಇಂಟರ್ನೆಟ್ ಇಲ್ಲದೆಯೂ ಆ್ಯಪ್ ನಡೆಯುತ್ತದೆಯೇ ಎಂದು ನೋಡಿಕೊಂಡೇ ನಾನು ಆರಿಸಿಕೊಳ್ಳುತ್ತೇನೆ.

ಹಾಗಾದರೆ ಯಾರು ಕೊಳ್ಳಬಹುದು? ಕಣ್ಣು ಮುಚ್ಚಿ ಧ್ಯಾನ ಮಾಡಲಾಗದವರು, ಗದ್ದಲದ ಮನೆಯಲ್ಲಿ ಏಕಾಂತ ಸಿಗದವರು, ಕಾಯಿಲೆಯಿಂದ ಅಥವಾ ವಯಸ್ಸಿನಿಂದ ಹೊರಗೆ ಹೋಗಲಾಗದೆ ಒಂದೇ ಕೋಣೆಯಲ್ಲಿ ದಿನ ಕಳೆಯುವವರು ಇದರಿಂದ ನಿಜವಾದ ಪ್ರಯೋಜನ ಪಡೆಯುತ್ತಾರೆ. ಮಲಗಿಕೊಂಡು ಬಳಸುವ ಅನುಕೂಲ ನಂತರದ ಸಾಫ್ಟ್‌ವೇರ್ ಅಪ್‌ಡೇಟ್‌ನಲ್ಲಿ ಬಂದಿರುವುದು ಈ ಕೊನೆಯವರಿಗೆ ದೊಡ್ಡ ಉಪಕಾರ. ಹೊರಗೆ ಮರದ ಕೆಳಗೆ ನಡೆಯಲು ಸಾಧ್ಯವಿರುವವರಿಗೆ ಇದು ಅನಿವಾರ್ಯವಲ್ಲ. ಖಿನ್ನತೆ ಅಥವಾ ತೀವ್ರ ಆತಂಕಕ್ಕೆ ಚಿಕಿತ್ಸೆ ಪಡೆಯುತ್ತಿರುವವರು ಇದನ್ನು ಔಷಧದ ಬದಲಿಗೆ, ಮಾತುಕತೆಯ ಚಿಕಿತ್ಸೆಯ ಬದಲಿಗೆ ಇಟ್ಟುಕೊಳ್ಳಕೂಡದು. ಚಿಕಿತ್ಸಕರಿಗೆ ತಿಳಿಸಿ ಜೊತೆಗೆ ಬಳಸಿದರೆ ಸಹಾಯವಾದೀತು. ಅಭ್ಯಾಸ ಮುಗಿದ ಮೇಲೆ ಹೆಡ್‌ಸೆಟ್ ತೆಗೆದು, ಅದೇ ಕುರ್ಚಿಯಲ್ಲಿ ಅದೇ ಲಯದಲ್ಲಿ ಇನ್ನೂ ಕೆಲವು ಉಸಿರುಗಳನ್ನು ಬರಿಗಣ್ಣಲ್ಲಿ ಎಳೆದು ಬಿಡುವುದು ನಾನು ಎಲ್ಲರಿಗೂ ಹೇಳುವ ಕ್ರಮ, ಏಕೆಂದರೆ ಬಸ್ಸಿನಲ್ಲೋ ಪರೀಕ್ಷಾ ಕೋಣೆಯ ಹೊರಗೋ ಕಳವಳ ಬಂದಾಗ ಹೆಡ್‌ಸೆಟ್ ಜೊತೆಯಲ್ಲಿರುವುದಿಲ್ಲ. ಆ್ಯಪ್ ತಯಾರಿಸುವವರಲ್ಲಿ ನನ್ನ ಬೇಡಿಕೆಯೂ ಇದಕ್ಕೆ ಸಂಬಂಧಿಸಿದ್ದೇ: ವಾರಗಳು ಕಳೆದಂತೆ ಮಾರ್ಗದರ್ಶನದ ದನಿ ಕಡಿಮೆಯಾಗಲಿ, ಕಣಗಳು ಮಸುಕಾಗಲಿ, ಅಭ್ಯಾಸದ ಕೊನೆಯ ನಿಮಿಷಗಳಲ್ಲಿ ಹೊರಗಿನ ಕ್ಯಾಮೆರಾಗಳು ತಾವಾಗಿಯೇ ತೆರೆದುಕೊಂಡು ಬಳಕೆದಾರರು ತಮ್ಮ ಕೋಣೆಯನ್ನೇ ನೋಡುತ್ತ ಉಸಿರಾಟ ಮುಂದುವರಿಸುವಂತಾಗಲಿ. ಅದಕ್ಕೆ ಬೇಕಾದ ಕ್ಯಾಮೆರಾಗಳು ಕ್ವೆಸ್ಟ್ 3ರಲ್ಲಿ ಈಗಾಗಲೇ ಇವೆ.